ವರ್ಷಕ್ಕೊಮ್ಮೆ ಸಾಯುವ ಥ್ಯಾಕರೆ ಸಾಹೇಬ

ಜಾತ್ರೆಗೆ ಈ ಸಲ ಕಿತ್ತೂರು ಚನ್ನಮ್ಮನ ನಾಟಕ ಎಂದು ಗುಡಿ ಕಟ್ಟೆಯ ಮೇಲೆ ತೀರ್ಮಾನವಾದ ಮೇಲೆ ಪಾತ್ರ ಹಂಚುವ ಕೆಲಸ ಬರುತ್ತದೆ. ಚನ್ನಮ್ಮನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ, ಅದಕ್ಕೆ ಯಾರದೂ ತಕರಾರಿಲ್ಲ. ಸಂಗೊಳ್ಳಿ ರಾಯಣ್ಣ ಆಗಲು ನಾಲ್ಕು ಮಂದಿ ಮುಂದೆ ಬರುತ್ತಾರೆ, ಅವರಲ್ಲಿ ಇಬ್ಬರು ಮೀಸೆ ಬಿಟ್ಟುಕೊಂಡೇ ಬಂದಿರುತ್ತಾರೆ. ಅಮಟೂರು ಬಾಳಪ್ಪನಿಗೆ ಇಬ್ಬರು. ಗುರುಸಿದ್ದಪ್ಪ ಸರದಾರನ ಪಾತ್ರ ಹೆಚ್ಚು ಪಟ್ಟಿ ಕೊಟ್ಟವರ ಮನೆಗೆ ಹೋಗುತ್ತದೆ. ದ್ರೋಹಿ ಮಲ್ಲಪ್ಪಶೆಟ್ಟಿಯ ಪಾತ್ರವನ್ನು ಊರಿನ ಹಾಸ್ಯಗಾರ ಖುಷಿಯಿಂದಲೇ ಒಪ್ಪಿಕೊಳ್ಳುತ್ತಾನೆ. "ಥ್ಯಾಕರೆ ಯಾರಪಾ?" ಎಂದು ಪೇಟಿ ಮಾಸ್ತರರು ಕೇಳಿದಾಗ ಮಾತ್ರ ಕಟ್ಟೆ ತಣ್ಣಗಾಗುತ್ತದೆ. ಎಲ್ಲರೂ ಕಾಲ ಕೆಳಗಿನ ಮಣ್ಣು ನೋಡುತ್ತಾರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಸುದ್ದಿಗೆಂದು ಓಡಾಡುವ ನಾವು ಹತ್ತಾರು ಥ್ಯಾಕರೆಗಳನ್ನು ನೋಡಿದ್ದೇವೆ. ಹ್ಯಾಟು ಬಿದ್ದುಹೋದ ಥ್ಯಾಕರೆ, ಬೂಟು ಸಣ್ಣದಾಗಿ ಕುಂಟುವ ಥ್ಯಾಕರೆ, ಸತ್ತ ಮೇಲೆ ಸೊಳ್ಳೆ ಕಡಿದು ಕೈ ಕೆರೆದುಕೊಂಡ ಥ್ಯಾಕರೆ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಚನ್ನಮ್ಮನ ಬಗ್ಗೆ ಬರೆಯಲಿಕ್ಕೆ ಬಹಳ ಜನ ಇದ್ದಾರೆ, ಇರಬೇಕು. ಈ ಬರಹ ಆಕೆಯ ಎದುರಿಗೆ ನಿಂತು ಗುಂಡು ತಿನ್ನುವವನದು.

ಮೊದಲು ನಿಜವಾದ ಥ್ಯಾಕರೆಯ ಕಥೆ ಚುಟುಕಾಗಿ. ಸೇಂಟ್ ಜಾನ್ ಥ್ಯಾಕರೆ ಧಾರವಾಡದಲ್ಲಿದ್ದ ಕಂಪನಿ ಸರ್ಕಾರದ ಕಲೆಕ್ಟರ್, ಪೊಲಿಟಿಕಲ್ ಏಜೆಂಟ್ ಕೂಡ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ಆತನ ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ. ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿಕೊಂಡಿತು. ತೆರೆಯದಿದ್ದರೆ ತೋಪು ಹಚ್ಚಿ ಒಡೆಯುವುದಾಗಿ ಆತ ನಿಮಿಷ ಎಣಿಸಿ ಗಡುವು ಕೊಟ್ಟ. ಬಾಗಿಲೇನೋ ತೆರೆಯಿತು, ಆದರೆ ಹೊರಗೆ ಬಂದದ್ದು ಗುರುಸಿದ್ದಪ್ಪ ಸರದಾರನ ದಂಡು. ಥ್ಯಾಕರೆ ಅಲ್ಲೇ ಸತ್ತ. ಗುಂಡು ಹೊಡೆದವನು ಬೈಲಹೊಂಗಲ ತಾಲ್ಲೂಕಿನ ಅಮಟೂರಿನ ಬಾಳಪ್ಪ ಎಂದು ನಮ್ಮ ನಾಡು ನಂಬಿಕೊಂಡು ಬಂದಿದೆ. ಎಲಿಯಟ್, ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರ ಫೆಬ್ರುವರಿಯಲ್ಲಿ ತೀರಿಕೊಂಡರು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ನಾಟಕಗಳಲ್ಲಿ ಇದೆಲ್ಲ ಕಪ್ಪ ಕೇಳುವ ಒಂದು ದೃಶ್ಯಕ್ಕೆ ಇಳಿದಿರುತ್ತದೆ. ಸಾಹೇಬ ಕಪ್ಪ ಕೇಳಬೇಕು, ರಾಣಿ ಗುಡುಗಬೇಕು, ಜನ ಸಿಳ್ಳೆ ಹೊಡೆಯಬೇಕು. ಒಪ್ಪಂದದ ಪ್ರಕಾರ ಕಿತ್ತೂರಿನಿಂದ ಕಂಪನಿಗೆ ವರ್ಷಾವರ್ಷ ಹಣ ಸಲ್ಲುತ್ತಲೇ ಇತ್ತು, 1824ರ ಜಗಳ ದತ್ತಕದ್ದು, ಸಂಸ್ಥಾನವೇ ಕೈಬಿಟ್ಟು ಹೋಗುವುದರದ್ದು. ಆದರೆ ದತ್ತಕದ ಕಾಗದಪತ್ರವನ್ನು ಸ್ಟೇಜಿನ ಮೇಲೆ ಓದುತ್ತಾ ಕೂತರೆ ಮುಂದಿನ ಸಾಲಿನ ಹುಡುಗರು ನಿದ್ದೆ ಹೋಗುತ್ತಾರೆ. ಹೀಗಾಗಿ ಕಪ್ಪವೇ ಗಟ್ಟಿ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಹಾದಿಯಲ್ಲಿ ತುಸು ಒಳಗೆ ಸರಿದ ಊರೊಂದರಲ್ಲಿ ಒಬ್ಬ ಕಾಕಾ ಇದ್ದಾರೆ. ಹೆಸರು ಹಾಕಬ್ಯಾಡ್ರಿ ಎಂದಿದ್ದಾರೆ, ಹಾಕುವುದಿಲ್ಲ. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೂ ಕಡಿಮೆ. ಬಸ್ಸಿನಿಂದ ಇಳಿದು "ಥ್ಯಾಕರೆ ಮನಿ ಎಲ್ಲಿ?" ಎಂದರೆ ಸಣ್ಣ ಹುಡುಗರೂ ಕೈ ಮಾಡಿ ತೋರಿಸುತ್ತಾರೆ. ಅರವತ್ತು ದಾಟಿದ ವಯಸ್ಸು, ಎರಡೂವರೆ ಎಕರೆ ಎರಿ ಹೊಲ, ಎರಡು ಎಮ್ಮೆ. ಸುಮಾರು ನಲವತ್ತು ವರ್ಷದಿಂದ ತಮ್ಮ ಊರಲ್ಲಿ, ಸುತ್ತಲ ಊರುಗಳಲ್ಲಿ ಅವರೇ ಥ್ಯಾಕರೆ. ಮೊದಲ ಸಲ ಆ ಪಾತ್ರ ಮಾಡಬೇಕಾಗಿದ್ದ ಸಾಲಿ ಮಾಸ್ತರರಿಗೆ ನಾಟಕ ಹದಿನೈದು ದಿನ ಇರುವಾಗ ಬೇರೆ ಊರಿಗೆ ವರ್ಗವಾಯಿತಂತೆ.

"ಆಗ ಪೇಟಿ ಮಾಸ್ತರು ಎಲ್ಲಾರ ಮಾರಿ ನೋಡಿದ್ರು. ತಾಲೀಮು ನೋಡಾಕ ಬಂದವರೊಳಗ ನಾನಽ ಸ್ವಲ್ಪ ಕೆಂಪಗ ಇದ್ದೆ. ಏಳ್ ಮ್ಯಾಲ ಅಂದ್ರು. ಎದ್ದೆ. ಇನ್ನೂ ಕುಂತಿಲ್ಲ ನೋಡ್ರಿ."

ಆ ಕೆಂಪು ಬಣ್ಣ ಸ್ಟೇಜಿಗೆ ಸಾಲುವುದಿಲ್ಲ. ಹಳೆಯ ಕಾಲದಲ್ಲಿ ಸಫೇದಾ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಒಂದು ಚಿಟಿಕೆ ಇಂಗಳೀಕ ಬೆರೆಸಿ ಮುಖಕ್ಕೆ, ಕುತ್ತಿಗೆಗೆ, ಕೈಗೆ ಬಳಿಯುತ್ತಿದ್ದರು. ಇಂಗಳೀಕ ಕಡಿಮೆಯಾದರೆ ಸಾಹೇಬ ಹೆಣದ ಹಾಗೆ ಕಾಣುತ್ತಾನೆ, ಹೆಚ್ಚಾದರೆ ಜಾತ್ರೆಯ ಗೊಂಬೆ. ಬೇಸಿಗೆಯ ಜಾತ್ರೆ, ಮೇಲೆ ದೊಡ್ಡ ಬಲ್ಬು, ಮೈಮೇಲೆ ಉಣ್ಣೆಯ ಕೋಟು. ಒಂದನೇ ಅಂಕ ಮುಗಿಯುವಷ್ಟರಲ್ಲಿ ಬೆವರು ಇಳಿದು ಬಿಳಿ ಬಣ್ಣದಲ್ಲಿ ಕರಿ ಗೆರೆ ಮೂಡುತ್ತವೆ. ಕೋಟು ಮದುವೆಗೆ ಬಾರಿಸುವ ಬ್ಯಾಂಡ್ ಕಂಪನಿಯದು. ಕೆಂಪು ಬಟ್ಟೆ, ಹಳದಿ ಪಟ್ಟಿ, ಹಿತ್ತಾಳೆ ಗುಂಡಿ. ಒಂದು ವರ್ಷ ಅದೇ ದಿನ ಬ್ಯಾಂಡಿನವರಿಗೆ ಮದುವೆ ಸಿಕ್ಕು ಕೋಟು ಬರಲಿಲ್ಲ. ಕಾಕಾ ಮಗಳ ಕೆಂಪು ಶಾಲು ಹೊದ್ದು ಕಂಪನಿ ಸರ್ಕಾರ ನಡೆಸಿದರು. ಕಲೆಕ್ಟರನು ಸೈನಿಕನ ಕೋಟು ತೊಡುತ್ತಿದ್ದನೇ ಎಂದು ಯಾರೂ ಕೇಳುವುದಿಲ್ಲ. ಸಾಹೇಬ ಎಂದರೆ ಕೆಂಪು ಕೋಟು, ಅಷ್ಟೇ.

ಸಾಯುವುದು ಅದಕ್ಕಿಂತ ಕಷ್ಟದ ಕೆಲಸ. ಬಾಳಪ್ಪನ ಕೈಯಲ್ಲಿರುವುದು ಕಟ್ಟಿಗೆಯ ಬಂದೂಕು. ಈಡು ಹಾರಿದ ಸಪ್ಪಳಕ್ಕೆ ಪಡದೆಯ ಹಿಂದೆ ಒಬ್ಬ ಹುಡುಗ ಪಟಾಕಿ ಹಿಡಿದು ಕೂತಿರುತ್ತಾನೆ. ಬಾಳಪ್ಪ ಗುರಿ ಇಡುವುದು, ಹುಡುಗ ಬತ್ತಿ ಹಚ್ಚುವುದು, ಥ್ಯಾಕರೆ ಎದೆ ಹಿಡಿದುಕೊಳ್ಳುವುದು ಮೂರೂ ಒಂದೇ ಹೊತ್ತಿಗೆ ಆಗಬೇಕು. ಆಗುವುದಿಲ್ಲ. ಒಮ್ಮೆ ಪಟಾಕಿಗೆ ಇಬ್ಬನಿ ತಾಗಿ ಹಾರಲಿಲ್ಲ. ಬಾಳಪ್ಪ ಎರಡು ಸಲ ಗುರಿ ಇಟ್ಟ, ಮೂರು ಸಲ ಇಟ್ಟ. ಜನ ನಗಲಿಕ್ಕೆ ಶುರು ಮಾಡಿದರು. ಕಾಕಾ ಬಾಳಪ್ಪನ ಕಡೆ ಒಂದು ಹೆಜ್ಜೆ ಮುಂದೆ ಬಂದು, ಕೋಟೆಯ ಬಾಗಿಲ ಕಡೆ ನೋಡಿ, ಏನೂ ಮಾತಾಡದೆ ಮಂಡಿ ಊರಿ ಕೂತು, ಆಮೇಲೆ ಮೆಲ್ಲಗೆ ಒರಗಿದರಂತೆ. ನಗು ನಿಂತಿತಂತೆ. ಅವರು ಉರುಳಿ ಅರ್ಧ ನಿಮಿಷದ ಮೇಲೆ ಪಟಾಕಿ ಢಂ ಎಂದಿತು ಎನ್ನುವುದು ಬೇರೆ ಮಾತು.

ನಾಟಕದ ನಡುವೆ ಆಯೇರಿ ಮಾಡುವ ಪದ್ಧತಿ ನಿಮಗೆಲ್ಲ ಗೊತ್ತು. ಚನ್ನಮ್ಮನಿಗೆ ನೋಟಿನ ಹಾರ, ರಾಯಣ್ಣನಿಗೆ ಶಾಲು, ಎಲ್ಲ ಮೈಕಿನಲ್ಲಿ ಹೆಸರು ಹಿಡಿದು. ಥ್ಯಾಕರೆಗೆ ಯಾರು ಕೊಡುತ್ತಾರೆ? ಕೊಟ್ಟರೆ ಬ್ರಿಟಿಷರ ಕಡೆಯವನು ಎನ್ನುತ್ತಾರಲ್ಲ! ಕಾಕಾನ ನಲವತ್ತು ವರ್ಷದ ಲೆಕ್ಕದಲ್ಲಿ ಸಿಕ್ಕಿದ್ದು ಎರಡೇ ಆಯೇರಿ. ಒಂದು ಅವರ ಹೆಂಡತಿಯ ತಮ್ಮ ಹತ್ತು ರೂಪಾಯಿ ಕೊಟ್ಟದ್ದು. ಇನ್ನೊಂದು ಒಬ್ಬ ಅಜ್ಜಿ ಎಸೆದ ಚಪ್ಪಲಿ. "ಅದಽ ಖರೇ ಬಹುಮಾನ್ರಿ" ಎನ್ನುತ್ತಾರೆ. ನಾವು ನಕ್ಕೆವು. ಅವರು ನಗಲಿಲ್ಲ. ಮುಂದೆ ಮಗಳಿಗೆ ಗಂಡು ನೋಡುವಾಗ "ಥ್ಯಾಕರೆ ಮಗಳಾ?" ಎಂದು ಕೇಳಿದವರೂ ಇದ್ದರಂತೆ, ಚಾಷ್ಟಿಗೆ. ಮೊಮ್ಮಗನನ್ನು ಸಾಲಿಯಲ್ಲಿ ಹುಡುಗರು ಕಾಡುವುದು ಅಷ್ಟು ಚಾಷ್ಟಿ ಅಲ್ಲ.

ನಾವು ಅವರನ್ನು ಕೇಳಬೇಕೆಂದಿದ್ದ ಮಾತು ಒಂದೇ. ಬ್ರಿಟಿಷರನ್ನು ಕಣ್ಣಲ್ಲಿ ಕಾಣದವರು ಬ್ರಿಟಿಷನಾಗುವುದು ಹೇಗೆ?

"ಬ್ರಿಟಿಷರನ್ನ ನಾ ಎಲ್ಲಿ ನೋಡ್ಬೇಕ್ರಿ. ಸಾಹೇಬ್ರನ್ನ ನೋಡೇನಿ."

ಹೊಲದ ಉತಾರ ತೆಗೆಸಲು ಅಪ್ಪನ ಜೊತೆ ಮಾಮಲೇದಾರ ಕಚೇರಿಗೆ ಓಡಾಡುವಾಗ ನೋಡಿದ ಒಬ್ಬ ಅಧಿಕಾರಿಯನ್ನು ಅವರು ಎದ್ದು ನಿಂತು ಮಾಡಿ ತೋರಿಸಿದರು. ಮಾತಾಡುವವನ ಮುಖ ನೋಡುವುದಿಲ್ಲ, ಮೇಜಿನ ಮೇಲಿನ ಕಾಗದ ನೋಡುತ್ತಾನೆ. ಅವಸರ ಇಲ್ಲ. ದನಿ ಏರಿಸುವುದಿಲ್ಲ, ಏರಿಸಬೇಕಾದ ಗರಜೇ ಇಲ್ಲ. ಪೆನ್ನಿನ ಮುಚ್ಚಳ ಹಾಕುತ್ತಾನೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಈ ಮುಚ್ಚಳ ಹಾಕುವುದನ್ನು ಕಾಕಾ ಖಜಾನೆಗೆ ಮುದ್ರೆ ಹಾಕುವ ದೃಶ್ಯದಲ್ಲಿ ಇಟ್ಟಿದ್ದಾರೆ. ಉಳಿದ ಥ್ಯಾಕರೆಗಳು ಅಲ್ಲಿ ಕಿರಿಚುತ್ತಾರೆ. ಇವರು ಕಾಗದ ಮಡಚಿ, ಅದರ ಮೇಲೆ ಒಮ್ಮೆ ಕೈ ಆಡಿಸಿ, ಹೋಗಿ ಎನ್ನುವಂತೆ ಬೆರಳು ಎತ್ತುತ್ತಾರೆ. ನಾಟಕ ನೋಡಲು ಕೂತ ರೈತರಿಗೆ ಅದು ಎಲ್ಲಿ ಚುಚ್ಚುತ್ತದೆಯೋ ಅಲ್ಲಿ ಚುಚ್ಚುತ್ತದೆ. ಚಪ್ಪಲಿ ಬಂದದ್ದೂ ಆ ಹೊತ್ತಿಗೇ.

ಭಾಷೆಯ ವಿಷಯದಲ್ಲಿ ಮಾತ್ರ ಅವರಿಗೂ ಪೇಟಿ ಮಾಸ್ತರರಿಗೂ ಜಗಳವಾಗುತ್ತಿತ್ತು. ಸಾಹೇಬನ ಮಾತೆಂದರೆ ತಕಾರ ಹೋಗಿ ಟಕಾರ ಆಗಬೇಕು, 'ನಾನು ಹೇಳುಟ್ಟೇನೆ' ಅನ್ನಬೇಕು, ಜನ ನಗಬೇಕು. ಕಾಕಾಗೆ ಇದು ಸೇರುವುದಿಲ್ಲ. ನಗಿಸುವ ಸಾಹೇಬನಿಗೆ ಯಾರೂ ಹೆದರುವುದಿಲ್ಲ, ಹೆದರದ ಮೇಲೆ ಅವನನ್ನು ಎದುರಿಸಿದ ರಾಣಿಯದೇನು ದೊಡ್ಡಸ್ತಿಕೆ ಎನ್ನುವುದು ಅವರ ವಾದ. ನಮಗೆ ಇದು ಸರಿ ಎನಿಸುತ್ತದೆ. ಇತಿಹಾಸವೂ ಅವರ ಕಡೆಗೇ ಇದೆ. ಕಂಪನಿಯ ನೌಕರರಿಗೆ ದೇಶದ ಭಾಷೆಗಳನ್ನು ಕಲಿಸಲೆಂದೇ 1812ರಲ್ಲಿ ಮದ್ರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಹೆಸರಿನ ಕಾಲೇಜು ತೆರೆದಿದ್ದರು. ನಮ್ಮ ಭಾಷೆ ಬಾರದವರು ನಮ್ಮನ್ನು ಆಳಿದರು ಎಂದುಕೊಳ್ಳುವುದು ನಮಗೆ ಸಮಾಧಾನ. ಕಲಿತು ಆಳಿದವರೇ ಹೆಚ್ಚು ಅಪಾಯದವರು.

ಇದಕ್ಕೆ ಕಿತ್ತೂರಿನಲ್ಲೇ ಒಬ್ಬ ಸಾಕ್ಷಿ ಇದ್ದಾನೆ. ನಾಟಕದಲ್ಲಿ ಥ್ಯಾಕರೆ ಸತ್ತ ಮೇಲೆ ಇಬ್ಬರು ಹುಡುಗರನ್ನು ಹಗ್ಗ ಕಟ್ಟಿ ಎಳೆದು ತರುತ್ತಾರೆ. ಬಿಳಿ ಬಣ್ಣ ಮುಗಿದಿದ್ದರೆ ಬರೀ ಪೌಡರು ಹಚ್ಚಿರುತ್ತಾರೆ. ಅವರಿಗೆ ಒಂದು ಮಾತೂ ಇರುವುದಿಲ್ಲ. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಆಗ ಆತನಿಗೆ ಇಪ್ಪತ್ತೊಂದರ ಆಸುಪಾಸು. ಬಿಡುಗಡೆಯಾದ ಮೇಲೂ ಆತ ವರ್ಷಗಟ್ಟಲೆ ಈ ಸೀಮೆಯಲ್ಲೇ ಇದ್ದು, ಊರೂರಿನ ಕಲ್ಲಿನ ಶಾಸನಗಳನ್ನು ನಕಲು ಮಾಡಿಸಿದ. ನಮ್ಮ ಚಾಲುಕ್ಯರು, ಸವದತ್ತಿಯ ರಟ್ಟರು ಇವರ ಚರಿತ್ರೆ ಬರೆಯುವ ಕೆಲಸಕ್ಕೆ ಆತನ ಸಂಗ್ರಹ ಮೊದಲ ಮೆಟ್ಟಿಲುಗಳಲ್ಲಿ ಒಂದು. ಅಂಥವನಿಗೆ ನಮ್ಮ ನಾಟಕದಲ್ಲಿ ಮಾತಿಲ್ಲ! ಮುಂದೆ ಫ್ಲೀಟ್ ಎಂಬ ಇನ್ನೊಬ್ಬ ಸಾಹೇಬ 1880ರ ದಶಕದಲ್ಲಿ ಈ ಭಾಗದ ಲಾವಣಿಗಳನ್ನು ಬರೆಸಿಕೊಂಡು ಇಂಗ್ಲಿಷ್ ಅರ್ಥ ಸಮೇತ ಅಚ್ಚು ಹಾಕಿಸಿದ. ಅದರಲ್ಲಿ ರಾಯಣ್ಣನ ಲಾವಣಿ ಇದೆ, ಹಲಗಲಿಯ ಬೇಡರದು ಇದೆ, ಬೈಲಹೊಂಗಲದ ಸಂಗ್ಯಾನ ಕೊಲೆಯದೂ ಇದೆ. ತನ್ನವರನ್ನು ಬೈದ ಹಾಡನ್ನು ತಾನೇ ಕೂತು ಬರೆದುಕೊಂಡ ಸಾಹೇಬ. ಇವರನ್ನು ನಾಟಕಕ್ಕೆ ತರುವುದು ಕಷ್ಟ, ಆದರೆ ತಂದರೆ ಚೆಂದ.

ಇನ್ನು ಸಿನಿಮಾ. 1961ರಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಬಂತು. ಚನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜಕುಮಾರ್. ಕಪ್ಪದ ದೃಶ್ಯವನ್ನು ಇಡೀ ಕರ್ನಾಟಕ ಬಾಯಿಪಾಠ ಮಾಡಿತು. ನಮ್ಮೂರ ಚನ್ನಮ್ಮಗಳೆಲ್ಲ ಇವತ್ತಿಗೂ ಕೈ ಎತ್ತು ಎಂದರೆ ಸರೋಜಾದೇವಿಯ ಹಾಗೆಯೇ ಎತ್ತುತ್ತಾರೆ. 2012ರ ನವೆಂಬರ್ 1ರಂದು ನಾಗಣ್ಣ ನಿರ್ದೇಶನದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಂದಾಗ ನಮ್ಮ ಕಡೆ ಟ್ರ್ಯಾಕ್ಟರ್ ಹೂಡಿಕೊಂಡು ಜನ ಥೇಟರಿಗೆ ಹೋದರು. ದರ್ಶನ್ ರಾಯಣ್ಣ, ಜಯಪ್ರದಾ ಚನ್ನಮ್ಮ. ಎರಡೂ ಚಿತ್ರ ನೋಡಿದವರನ್ನು ಕೇಳಿ, ಥ್ಯಾಕರೆ ಯಾರಾಗಿದ್ದರು? ಸುಮ್ಮನಾಗುತ್ತಾರೆ.

ಪಂತುಲು ಇದಕ್ಕೆ ಎರಡು ವರ್ಷ ಮುಂಚೆ, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ತೆಗೆದಿದ್ದರು. ಅಲ್ಲಿ ಶಿವಾಜಿ ಗಣೇಶನ್ ಎದುರು ಕಪ್ಪ ಕೇಳುವ ಜಾಕ್ಸನ್ ದೊರೆಯಾದವರು ಸಿ.ಆರ್. ಪಾರ್ತಿಬನ್. ಆ ಮೇಲೆ ಅವರು ಎಷ್ಟೋ ಚಿತ್ರಗಳಲ್ಲಿ ನಟಿಸಿದರು. ತಮಿಳುನಾಡಿನ ಜನ 2021ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರನ್ನು ಜಾಕ್ಸನ್ ದೊರೆ ಎಂದೇ ಕರೆದರು. ಇದನ್ನು ಹೇಳಿದಾಗ ಕಾಕಾ ಮೊದಲ ಸಲ ನಕ್ಕರು. "ಹಂಗಾರ ಅವರ ಮಗಳಿಗೂ ಗಂಡು ಸಿಕ್ಕಿರಾಕಿಲ್ಲ ತಡಾನ."

ಆವತ್ತು ಮಧ್ಯಾಹ್ನ ಕಾಕಾನ ಪಡಸಾಲಿಯಲ್ಲಿ ಕೂತು ನಾವು ಮೊಬೈಲಿನಲ್ಲಿ ಅವರಿಗೆ ಬೇರೆ ಬೇರೆ ಸಾಹೇಬರನ್ನು ತೋರಿಸಿದೆವು. ಮೊದಲು ಇಂಗ್ಲೆಂಡಿನವರೇ ಆದ ಸಿ. ಆಬ್ರಿ ಸ್ಮಿತ್. ಈತ ಮೊದಲು ಕ್ರಿಕೆಟ್ ಆಟಗಾರ. 1889ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಇಂಗ್ಲೆಂಡ್ ತಂಡದ ನಾಯಕನಾಗಿ ಆಡಿದ್ದೇ ಈತನ ಒಂದೇ ಒಂದು ಟೆಸ್ಟ್ ಪಂದ್ಯ, ಅದನ್ನು ಗೆದ್ದ. ಆಮೇಲೆ ನಾಟಕಕ್ಕೆ ಬಂದು, ವಯಸ್ಸಾದ ಮೇಲೆ ಅಮೆರಿಕದ ಹಾಲಿವುಡ್ ಸೇರಿದ. ಎತ್ತರದ ಆಳು, ದಟ್ಟ ಹುಬ್ಬು, ಗಟ್ಟಿ ದವಡೆ. ನಾಯಕನಾಗಲಿಲ್ಲ, ಖಳನಾಯಕನೂ ಅಲ್ಲ. ಚಿತ್ರ ಯಾವುದಾದರೂ ಇರಲಿ, ಮುಪ್ಪಿನ ಮೇಜರ್, ಮುಪ್ಪಿನ ಕರ್ನಲ್, ಮುಪ್ಪಿನ ಜನರಲ್ ಬೇಕೆಂದರೆ ಈತನನ್ನು ಕರೆಯುತ್ತಿದ್ದರು. 1935ರ 'ದ ಲೈವ್ಸ್ ಆಫ್ ಎ ಬೆಂಗಾಲ್ ಲ್ಯಾನ್ಸರ್' ಎಂಬ ಚಿತ್ರದಲ್ಲಿ ನಮ್ಮ ದೇಶದ ವಾಯವ್ಯ ಗಡಿ ಕಾಯುವ ಮೇಜರ್. ಗಡಿ ಎಂದು ತೋರಿಸಿದ್ದು ಕ್ಯಾಲಿಫೋರ್ನಿಯದ ಗುಡ್ಡ. ಹಾಲಿವುಡ್‌ನಲ್ಲೇ ಕ್ರಿಕೆಟ್ ಕ್ಲಬ್ ಕಟ್ಟಿದ, ಎಂಬತ್ತರ ವಯಸ್ಸಿನಲ್ಲಿ ಸರ್ ಪದವಿ ಪಡೆದ, 1948ರಲ್ಲಿ ತೀರಿಕೊಂಡ. ಆ ಚಿತ್ರಗಳಲ್ಲಿ ಸಾಹೇಬ ಒಳ್ಳೆಯವನು, ಮೋಸ ಮಾಡುವವರೆಲ್ಲ ನಮ್ಮವರು. ನಮ್ಮವರಾಗಿ ನಟಿಸಿದವರೂ ಬಹುಮಟ್ಟಿಗೆ ಬಿಳಿಯರೇ. 1939ರ 'ಗುಂಗಾ ದಿನ್' ಚಿತ್ರದಲ್ಲಿ ನೀರು ಹೊರುವ ಭಿಸ್ತಿಯಾದವನು ಸ್ಯಾಮ್ ಜಾಫ್ ಎಂಬ ಅಮೆರಿಕದ ನಟ, ಮೈಗೆ ಕರಿ ಬಣ್ಣ ಬಳಿದುಕೊಂಡು.

ಕಾಕಾ ಈ ಬಣ್ಣದ ಸುದ್ದಿಗೆ ಕಿವಿ ನೆಟ್ಟಗೆ ಮಾಡಿದರು. ಅಲ್ಲಿಯವರು ಕಪ್ಪು ಬಳಿದುಕೊಂಡು ನಾವಾಗುವುದು, ಇಲ್ಲಿ ನಾವು ಸಫೇದಾ ಬಳಿದುಕೊಂಡು ಅವರಾಗುವುದು. "ಅವರದೂ ಬೆವರಿಗೆ ಇಳಿತಿತ್ತೇನ್ರಿ?" ಎಂಬುದು ಅವರ ಪ್ರಶ್ನೆ. ಆಬ್ರಿ ಸ್ಮಿತ್ ನಿಲ್ಲುವ ರೀತಿಯನ್ನು ಮಾತ್ರ ಮೂರು ಸಲ ಹಿಂದಕ್ಕೆ ಸರಿಸಿ ನೋಡಿದರು. ಕೈ ಹಿಂದೆ ಕಟ್ಟಿಕೊಂಡು, ಹಿಮ್ಮಡಿಯ ಮೇಲೆ ಭಾರ ಹಾಕಿ. ಭಾಷೆ ತಿಳಿಯದಿದ್ದರೂ ಯಾರು ಯಾರಿಗೆ ಸಾಹೇಬ ಎಂಬುದು ತಿಳಿಯಿತು ಎಂದರು.

ಅವರಿಗೆ ಬಹಳ ಹಿಡಿಸಿದವರು ಟಾಮ್ ಆಲ್ಟರ್. ಹಿಂದಿ ಚಿತ್ರ, ದೂರದರ್ಶನ ನೋಡಿದವರಿಗೆ ಮುಖ ಗೊತ್ತೇ ಇರುತ್ತದೆ. ಇಂಗ್ಲಿಷ್ ಸಾಹೇಬನೆಂದರೆ ಅವರೇ. ಆದರೆ ಅವರು ಬ್ರಿಟಿಷರಲ್ಲ. 1950ರಲ್ಲಿ ಮಸ್ಸೂರಿಯಲ್ಲಿ ಹುಟ್ಟಿದ, ಅಮೆರಿಕನ್ ಪಾದ್ರಿ ಮನೆತನದವರು, ಹಿಂದಿ-ಉರ್ದು ನೀರಿನಂತೆ ಆಡುವವರು. ಹರಿಯಾಣದ ಸಣ್ಣ ಊರಿನಲ್ಲಿ ಮಾಸ್ತರಿಕೆ ಮಾಡುವಾಗ ರಾಜೇಶ್ ಖನ್ನಾನ 'ಆರಾಧನಾ' ನೋಡಿ ಹುಚ್ಚು ಹಿಡಿದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಆಗಬೇಕೆಂದಿದ್ದು ರಾಜೇಶ್ ಖನ್ನಾ, ಆದದ್ದು ಕಲೆಕ್ಟರ್, ಕ್ಯಾಪ್ಟನ್, ಜೈಲರ್. 1993ರ 'ಸರ್ದಾರ್'ನಲ್ಲಿ ಮೌಂಟ್‌ಬ್ಯಾಟನ್ ಕೂಡ. ಮೈಬಣ್ಣ ಒಂದು ಬಾಗಿಲು ತೆರೆಯಿತು, ಉಳಿದವನ್ನು ಮುಚ್ಚಿತು.

ಸತ್ಯಜಿತ್ ರೇ ಅವರ 'ಶತರಂಜ್ ಕೆ ಖಿಲಾಡಿ'ಯಲ್ಲಿ (1977) ಅವರದು ಕ್ಯಾಪ್ಟನ್ ವೆಸ್ಟನ್ ಪಾತ್ರ. ಕಥೆ ನಮ್ಮದೇ ಥರದ್ದು. ಅವಧ್ ಸಂಸ್ಥಾನವನ್ನು ಕಂಪನಿ ನುಂಗುವ ಕಥೆ. ಜನರಲ್ ಔಟ್ರಾಮ್ ಆಗಿ ಇಂಗ್ಲೆಂಡಿನ ರಿಚರ್ಡ್ ಅಟೆನ್‌ಬರೋ ಕುರ್ಚಿಯಲ್ಲಿ ಕೂತು, ಈ ನವಾಬ ಎಂಥವನು ಎಂದು ಕೇಳುತ್ತಾರೆ. ವೆಸ್ಟನ್‌ಗೆ ಉರ್ದು ಗೊತ್ತು, ನವಾಬನ ಕವಿತೆಯೂ ಇಷ್ಟ. ಅದನ್ನು ಮೇಲಿನ ಸಾಹೇಬನ ಮುಂದೆ ಹೇಳಿದಷ್ಟೂ ನವಾಬನಿಗೇ ಕುತ್ತು. ಆ ದೃಶ್ಯದಲ್ಲಿ ಟಾಮ್ ಆಲ್ಟರ್ ಕಣ್ಣು ಒಂದು ಹೇಳುತ್ತದೆ, ಬಾಯಿ ಇನ್ನೊಂದು. ಕಾಕಾ ಅದನ್ನು ನೋಡಿ ಮೊಬೈಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ನಾಟಕದಾಗ ಎಲಿಯಟ್‌ಗ ಇಂಥಾದ್ದೊಂದು ಮಾತು ಕೊಡಬೇಕಿತ್ತು ನೋಡ್ರಿ" ಎಂದರು. ಎಲಿಯಟ್ ಕಥೆಯನ್ನು ಆವತ್ತು ಬೆಳಿಗ್ಗೆಯಷ್ಟೇ ನಾವು ಹೇಳಿದ್ದೆವು.

ಟಾಮ್ ಆಲ್ಟರ್‌ಗೆ ಕೊನೆಗೂ ನಮ್ಮವರಾಗುವ ಪಾತ್ರ ಸಿಕ್ಕಿದ್ದು ಹೆಚ್ಚಾಗಿ ನಾಟಕದಲ್ಲಿ. ಮೌಲಾನಾ ಆಜಾದ್ ಆಗಿ ಒಬ್ಬರೇ ಸ್ಟೇಜಿನ ಮೇಲೆ ನಿಂತು ಊರೂರು ಪ್ರಯೋಗ ಮಾಡಿದರು. 2008ರಲ್ಲಿ ಪದ್ಮಶ್ರೀ ಬಂತು, 2017ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇನ್ನೊಬ್ಬ ಬಿಳಿಯ, ಆಸ್ಟ್ರೇಲಿಯದ ಬಾಬ್ ಕ್ರಿಸ್ಟೋ, 'ಮಿಸ್ಟರ್ ಇಂಡಿಯಾ'ದಲ್ಲಿ ಹನುಮಂತನ ಮೂರ್ತಿಯಿಂದ ಏಟು ತಿನ್ನುವವನು. ಹಿಂದಿ ಚಿತ್ರಗಳಲ್ಲಿ ಏಟು ತಿಂದು ಸಾಕಾಗಿ ನಮ್ಮ ಬೆಂಗಳೂರಿಗೆ ಬಂದು ಯೋಗ ಕಲಿಸುತ್ತಿದ್ದ. 2011ರಲ್ಲಿ ಬೆಂಗಳೂರಿನಲ್ಲೇ ಸತ್ತ.

ಈ ಮಾತೆಲ್ಲ ಆದದ್ದು ಕೆಲಸವೊಂದರ ನಡುವೆ. ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನ ಇದೆ. ಅರ್ಜಿ ಹಾಕಲು ಕಾಕಾಗೆ ಊರಿನ ಹುಡುಗನೊಬ್ಬ ಹೇಳಿದ್ದ. ನಲವತ್ತು ವರ್ಷದ ಕಲಾಸೇವೆ, ಸುತ್ತಲ ಊರಿಗೆಲ್ಲ ಗೊತ್ತು. ಆದರೆ ಊರಿಗೆ ಗೊತ್ತಿದ್ದರೆ ಸಾಲದು, ಕಾಗದಕ್ಕೆ ಗೊತ್ತಿರಬೇಕು. ನಾಟಕದ ಹ್ಯಾಂಡ್‌ಬಿಲ್, ಫೋಟೋ, ಪೇಪರಿನ ತುಣುಕು ಹಚ್ಚಬೇಕು. ಅದನ್ನು ಹುಡುಕಿಕೊಡಲೆಂದೇ ನಾವು ಹೋಗಿದ್ದು.

ಟ್ರಂಕಿನಲ್ಲಿ ಹ್ಯಾಂಡ್‌ಬಿಲ್ಲುಗಳು ಇದ್ದವು, ಗುಲಾಬಿ, ಹಳದಿ, ಹಸಿರು. ಮೇಲೆ ದೇವರ ಹೆಸರು, ಸ್ವಾಮಿಗಳ ಹೆಸರು, ಉದ್ಘಾಟಕರು, ಜ್ಯೋತಿ ಬೆಳಗಿಸುವವರು, ಮುಖ್ಯ ಅತಿಥಿಗಳು. ನಡುವೆ ಕಲಾವಿದೆಯರ ಫೋಟೋ. ಅದರ ಕೆಳಗೆ ರಾಯಣ್ಣ, ಬಾಳಪ್ಪ, ಸರದಾರ. ಆಮೇಲೆ ಪಡದೆ ಸೀನರಿ ಯಾರದು, ಮೈಕ್ ಸೆಟ್ ಯಾರದು, ಪೇಟಿ ಯಾರು, ತಬಲಾ ಯಾರು. ಎಲ್ಲಕ್ಕಿಂತ ಕೊನೆಗೆ, ಸಣ್ಣ ಅಕ್ಷರದಲ್ಲಿ, 'ಹಾಗೂ ಊರಿನ ಹವ್ಯಾಸಿ ಕಲಾವಿದರು'. ಕಾಕಾ ಆ ಸಾಲಿನಲ್ಲಿದ್ದಾರೆ. ಯಾರಿಗೂ ಕಾಣುವುದಿಲ್ಲ. ಬ್ರಿಟಿಷನ ಹೆಸರಿನ ಮುಂದೆ ತಮ್ಮೂರಿನವನ ಹೆಸರು ಹಾಕುವುದು ಬೇಡ ಎಂದು ಹಿಂದಿನವರು ಬಿಟ್ಟಿರಬಹುದು, ಅಥವಾ ಜಾಗ ಸಾಲದೆ ಇರಬಹುದು. ಪೇಪರುಗಳಲ್ಲೂ ಅಷ್ಟೇ. ಜಾತ್ರೆ ನಾಟಕದ ಸುದ್ದಿ ಬೆರಳುದ್ದ. ಅದರಲ್ಲಿ ವೇದಿಕೆಯ ಮೇಲೆ ಕೂತ ಗಣ್ಯರ ಹೆಸರು ಮುಗಿಯುವಷ್ಟರಲ್ಲಿ ಸುದ್ದಿ ಮುಗಿಯುತ್ತದೆ. ಫೋಟೋದಲ್ಲಿ ಕತ್ತಿ ಹಿಡಿದ ಚನ್ನಮ್ಮ.

ಒಂದೇ ಒಂದು ಫೋಟೋ ಸಿಕ್ಕಿತು. ಬಣ್ಣ ಮಾಸಿ ಕಂದು ತಿರುಗಿದ್ದು. ಎಡಕ್ಕೆ ರಾಣಿ, ಕತ್ತಿ ಮೇಲಕ್ಕೆ. ಬಲಕ್ಕೆ ಬಂದೂಕು ಹಿಡಿದ ಬಾಳಪ್ಪ. ಹಿಂದೆ ಕೋಟೆಯ ಪಡದೆ, ಮೂಲೆಯಲ್ಲಿ ಪಟಾಕಿ ಹುಡುಗನ ಕಾಲು. ಮುಂದೆ ಬೋರಲಾಗಿ ಬಿದ್ದ ಒಬ್ಬ ಕೆಂಪು ಕೋಟಿನವನು, ಹ್ಯಾಟು ಅತ್ತ, ಬೂಟು ಇತ್ತ. ಮುಖ ಕಾಣುವುದಿಲ್ಲ. ಸತ್ತವನು ಮುಖ ತೋರಿಸಬಾರದು, ಕಣ್ಣು ಪಿಳುಕಿದರೆ ಜನ ನಗುತ್ತಾರೆ ಎಂದು ಕಾಕಾ ಯಾವಾಗಲೂ ಬೋರಲೇ ಬೀಳುವವರು.

ಮನೆಯವರೆಲ್ಲ ಸೇರಿ ಆ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದೆವು. ಕಾಕಾನ ಹೆಂಡತಿ ಬಲಗಾಲಿನ ಹಿಮ್ಮಡಿ ನೋಡಿ "ಇವರಽ, ಮತ್ಯಾರು" ಎಂದರು. ಸಾಕ್ಷಿ ಪಕ್ಕಾ ಆಯಿತು. ಮಾರನೇ ದಿನ ಪಂಚಾಯ್ತಿ ಸದಸ್ಯರೊಬ್ಬರ ಸಹಿ ಹಾಕಿಸಿ, ಊರಿನ ಹತ್ತು ಹಿರಿಯರ ಸಹಿ, ಹೆಬ್ಬೆಟ್ಟು ತೆಗೆದುಕೊಂಡು ಅರ್ಜಿ ಜೋಡಿಸಿದೆವು. ಫೋಟೋದ ಹಿಂದೆ ನೀಲಿ ಪೆನ್ನಿನಲ್ಲಿ ಬರೆದದ್ದು ಇಷ್ಟು: 'ನೆಲದ ಮೇಲೆ ಮಲಗಿರುವವರೇ ಅರ್ಜಿದಾರರು.'